ಹೇಗೂ ನೀವೇ ಓದ್ತೀರಲ್ಲ

ಆ ಕಥೋಲಿಕ ಶಾಲೆಯ ಪ್ರಾಂಶುಪಾಲೆಯನ್ನು ಎದುರಿಗೆ ಎಲ್ಲರೂ ‘ದೊಡ್ಡ ಮೇಡಂ’ ಎನ್ನುತ್ತಿದ್ದರು, ಬೆನ್ನ ಹಿಂದೆ ಮಕ್ಕಳು ‘ಆಮೆನ್ ಮೇಡಂ’ ಎನ್ನುತ್ತಿದ್ದರು. ಹೊಗಳಲಿ, ಬೈಯಲಿ, ಕೊನೆಗೊಂದು ಪ್ರಾರ್ಥನೆ ಸೇರಿಸಿ ಆಮೆನ್ ಅಂದರೇ ಅವರಿಗೆ ಸಮಾಧಾನ. ಹನ್ನೊಂದು ವರ್ಷದ ಹಿಂದೆ, ಬಂದ ಮೊದಲ ವಾರವೇ, ಪ್ರಾರ್ಥನಾಲಯದ ಬಾಗಿಲ ಪಕ್ಕ ಒಂದು ಮರದ ಪೆಟ್ಟಿಗೆ ಇಡಿಸಿದ್ದರು. ಮಕ್ಕಳಾಗಲಿ ಟೀಚರುಗಳಾಗಲಿ ಮನಸ್ಸಿನ ಕೋರಿಕೆಯನ್ನು ಚೀಟಿಯಲ್ಲಿ ಬರೆದು ಹಾಕಬೇಕು. ಅದನ್ನು ಮೇಡಂ ಒಬ್ಬರೇ ಓದಿ ಬೆಳಗಿನ ಪ್ರಾರ್ಥನೆಯಲ್ಲಿ ದೇವರಿಗೆ ಒಪ್ಪಿಸಬೇಕು. ಕೀಲಿ ಅವರ ಗೊಂಚಲಿನಲ್ಲೇ ಇರುತ್ತಿತ್ತು.

ಮೊದಮೊದಲು ಒಂದೂ ಬಿಡದೆ ಓದುತ್ತಿದ್ದರು, ಸುಳ್ಳೇಕೆ ಹೇಳಬೇಕು. ‘ಗಣಿತದಲ್ಲಿ ಪಾಸು ಮಾಡಿಸು ದೇವರೇ’ ಎಂದು ಬರೆದವಳನ್ನು ಹುಡುಕಿ, ಕೈಹಿಡಿದು ಒಯ್ದು, ಗಣಿತದ ಮೇಷ್ಟರ ಮುಂದೆಯೇ ಕೂರಿಸಿದ್ದೂ ಉಂಟು. ಆಮೇಲೆ ಹೊಸ ಕಟ್ಟಡ ಬಂತು, ತಪಾಸಣೆ ಬಂತು, ಸಭೆಯ ಮೇಲೆ ಸಭೆ ಬಂತು. ವಾರಕ್ಕೊಮ್ಮೆ ಓದಿದರಾಯಿತು ಅಂದುಕೊಂಡರು, ತಿಂಗಳಿಗೊಮ್ಮೆ ಅಂದುಕೊಂಡರು, ಕಡೆಗೆ ಅಂದುಕೊಳ್ಳುವುದನ್ನೂ ಬಿಟ್ಟರು. ಆದರೆ ದಿನಾ ಪೆಟ್ಟಿಗೆಯನ್ನು ಮೈಕಿನ ಪಕ್ಕಕ್ಕೆ ತರಿಸಿ, ಮೇಲೆ ಕೈಯಿಟ್ಟು, "ನಿಮ್ಮೆಲ್ಲರ ಕೋರಿಕೆ ಓದಿದ್ದೇನೆ, ಪ್ರಾರ್ಥಿಸೋಣ" ಅನ್ನುವುದನ್ನು ಮಾತ್ರ ಬಿಡಲಿಲ್ಲ. ಹೋದ ತಿಂಗಳು ಗಂಟೆ ಹೊಡೆಯುವ ಅಟೆಂಡರ್ ಬಂದು, "ಮೇಡಂ, ಚೀಟಿ ಒಳಗೆ ಹೋಗ್ತಾನೇ ಇಲ್ಲ" ಅಂದಾಗ, ತಲೆಯೆತ್ತದೆ "ಸ್ಕೇಲಲ್ಲಿ ತಳ್ಳಪ್ಪ" ಅಂದಿದ್ದರು. ದೇವರ ಪೆಟ್ಟಿಗೆಗೆ ಸ್ಕೇಲು! ವಾರವಾರ ಪಾಪನಿವೇದನೆಗೆ ಹೋಗುವ ಹೆಂಗಸು, ಇದೊಂದು ಮಾತ್ರ ಫಾದರ್ ಮುಂದೆ ನಾಲಿಗೆಗೆ ಬಂದಿರಲಿಲ್ಲ.

ಪೆಟ್ಟಿಗೆಯ ಕೀರ್ತಿ ಬೇರೆ ಶಾಲೆಗಳಿಗೂ ಹಬ್ಬಿತ್ತು. ಕಥೋಲಿಕ ಶಾಲೆಗಳ ಪ್ರಾಂಶುಪಾಲರಿಗಾಗಿ ನಡೆಯುವ ಧ್ಯಾನಕೂಟದಲ್ಲಿ, ವಿಶ್ವಾಸದಿಂದ ಶಾಲೆ ನಡೆಸುವುದು ಹೇಗೆಂದು ಮಾತನಾಡಲು ಈ ಸಲ ಕರೆ ಬಂದದ್ದು ಇವರಿಗೇ. ಆ ಶನಿವಾರ ಬೆಳಿಗ್ಗೆ, ಉದಾಹರಣೆಗೆ ನಾಲ್ಕು ಚೀಟಿ ಇರಲೆಂದು ಕಚೇರಿಯಲ್ಲಿ ಕೂತು ಪೆಟ್ಟಿಗೆ ತೆರೆದರು. ಚೀಟಿಗಳು ಮಡಿಲಿಗೆ ಸುರಿದವು. ನಡುವೆ ಬಟ್ಟೆ ಕತ್ತರಿಸುವ ಅಳತೆ ಕಾಗದದ ಒಂದು ತುಂಡು. ಅದು ಹೊಲಿಗೆ ಟೀಚರ್ ಕೈಬರಹ. ತಾರೀಖು ಎಂಟು ತಿಂಗಳ ಹಿಂದಿನದು.

"ಮೇಡಂ, ಮುಖ ನೋಡಿ ಇನ್ನೊಂದ್ಸಲ ಕೇಳೋ ಧೈರ್ಯ ಇಲ್ಲ. ಅಮ್ಮ ಆಸ್ಪತ್ರೇಲಿ ದಿನಾ ನನ್ನೇ ಕೇಳ್ತಿದ್ದಾಳಂತೆ. ಹದಿನೈದು ದಿನ ಬೇಡ, ನಾಲ್ಕೇ ದಿನ ಕೊಡಿ. ಇದು ದೇವರಿಗಲ್ಲ, ನಿಮಗೇ ಬರೆದಿದ್ದು. ಹೇಗೂ ನೀವೇ ಓದ್ತೀರಲ್ಲ."

ಮೇಡಂಗೆ ಎಲ್ಲ ನೆನಪಾಯಿತು. ಹೊಲಿಗೆ ಟೀಚರ್ ರಜೆ ಕೇಳಿದ್ದು ಬಿಷಪ್ಪರು ವಸ್ತುಪ್ರದರ್ಶನಕ್ಕೆ ಬರುವ ವಾರ. "ಈ ವಾರ ಬಿಟ್ಟು ಕೇಳಿ. ನಿಮ್ಮಮ್ಮನಿಗೋಸ್ಕರ ನಾನು ಪ್ರಾರ್ಥಿಸ್ತೀನಿ" ಅಂದು ಇವರೇ ಕಳಿಸಿದ್ದರು. ಪ್ರದರ್ಶನದ ರಿಬ್ಬನ್ ಕತ್ತರಿಸುವ ಹೊತ್ತಿಗೆ ಆ ತಾಯಿ ತೀರಿಕೊಂಡಿದ್ದರು. ಮಣ್ಣು ಮುಗಿಸಿ ಬಂದ ಟೀಚರ್ ಒಂದು ಸಾಲಿನ ರಾಜೀನಾಮೆ ಇಟ್ಟು ಹೋಗಿದ್ದಳು. ಅದಕ್ಕೂ ಮೇಡಂ ಒಂದು ಪ್ರಾರ್ಥನೆ ಹೇಳಿದ್ದರು, ಇನ್ನೇನು ಗೊತ್ತು ಅವರಿಗೆ!

ಧ್ಯಾನಕೂಟದ ಕಾರು ಗೇಟಿನಲ್ಲಿ ಕಾಯುತ್ತಿತ್ತು. ಮೇಡಂ ಹಿಂಬಾಗಿಲಿನಿಂದ ಇಳಿದು ಎರಡು ಬೀದಿ ದಾಟಿ ಹೊಲಿಗೆ ಟೀಚರ್ ಮನೆಗೆ ನಡೆದರು. ಮುಂದಿನ ಕೋಣೆಯಲ್ಲೇ ಮೆಷಿನ್, ಸುತ್ತ ಅರ್ಧ ಹೊಲಿದ ರವಿಕೆಗಳು.

"ಬನ್ನಿ ಮೇಡಂ" ಅಂದಳು ಟೀಚರ್. ಕೂತ್ಕೊಳ್ಳಿ ಅನ್ನಲಿಲ್ಲ.

ಮೇಡಂ ಚೀಟಿ ಮುಂದೆ ಹಿಡಿದರು. "ಇದನ್ನ ಇವತ್ತು ಓದಿದೆ."

ಮೆಷಿನ್ ನಿಂತಿತು. "ಇವತ್ತಾ?"

"ಒಂದು ವರ್ಷದಿಂದ ಆ ಪೆಟ್ಟಿಗೇನೇ ತೆಗೆದಿರ್ಲಿಲ್ಲ ನಾನು. ಓದಿದ್ದೀನಿ ಅಂತ ದಿನಾ ಸುಳ್ಳು ಹೇಳಿದ್ದೀನಿ."

ಟೀಚರ್ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ನೀವು ಓದಿಯೂ ಸುಮ್ಮನಿದ್ದೀರಿ ಅಂದ್ಕೊಂಡಿದ್ದೆ. ಮೂರು ದಿನ ಸ್ಟಾಫ್ ರೂಮಿನ ಬಾಗಿಲನ್ನೇ ನೋಡ್ತಾ ಕೂತಿದ್ದೆ ಮೇಡಂ, ಈಗ ಕರೀತಾರೆ, ಇನ್ನೇನು ಕರೀತಾರೆ ಅಂತ. ಓದೋರೇ ಇಲ್ಲ ಅಂತ ಗೊತ್ತಿದ್ರೆ ಹೇಳದೆ ಕೇಳದೆ ಬಸ್ ಹತ್ತಿರ್ತಿದ್ದೆ. ಅಮ್ಮನ ಮುಖ ಆದ್ರೂ ಸಿಗ್ತಿತ್ತು."

ರಜೆ ಕೊಡದ್ದು ತಪ್ಪು ಎಂದು ಮೇಡಂ ದಾರಿಯುದ್ದಕ್ಕೂ ಎದೆ ಬಡಿದುಕೊಂಡು ಬಂದಿದ್ದರು. ಆಕೆಯನ್ನು ಆ ಮೂರು ದಿನ ಕಟ್ಟಿಹಾಕಿದ್ದು ತಮ್ಮ ಪೆಟ್ಟಿಗೆಯೇ ಎಂದು ಹೊಳೆದಿರಲಿಲ್ಲ.

"ಕ್ಷಮಿಸಿ ಅನ್ನೋಕೂ ನನಗೆ ಮುಖ ಇಲ್ಲಮ್ಮ."

"ಕೇಳ್ಬೇಡಿ. ಇವತ್ತು ಕೇಳಿದ್ರೆ ಇಲ್ಲ ಅಂತೀನಿ."

ಬ್ಯಾಗಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಸಭಾಂಗಣದಲ್ಲಿ ಅರವತ್ತು ಜನ ಕಾಯುತ್ತಿದ್ದರು. ಮೇಡಂ ಅದನ್ನು ತೆಗೆಯಲಿಲ್ಲ. ಟೀಚರ್ ಅಳತೆ ಕಾಗದದಿಂದ ಒಂದು ತುಂಡು ಹರಿದು, ಪೆನ್ಸಿಲಿನಲ್ಲಿ ಏನೋ ಗೀಚಿ, ಮಡಚಿ ಕೈಗಿಟ್ಟಳು.

"ಇಲ್ಲೇ ಓದಿ, ನನ್ನೆದುರಿಗೇ. ಜೋರಾಗಿ, ಮೈಕಲ್ಲಿ ಓದೋ ಹಾಗೆ."

ಮೇಡಂ ಬಿಡಿಸಿ ಓದಿದರು. "ನನ್ನ ಅಮ್ಮನ ಆತ್ಮಕ್ಕಾಗಿ. ಮಗಳು ಬರ್ತಾಳೆ ಅಂತ ಕೊನೇವರೆಗೂ ಬಾಗಿಲು ನೋಡ್ತಿದ್ದಳು."

ಪ್ರಾರ್ಥನೆಯ ಕೊನೆಗೆ ಅವರು ಸಾವಿರ ಸಲ ಹೇಳಿದ್ದ ಆ ಒಂದು ಮಾತು ಎಷ್ಟು ಹೊತ್ತಾದರೂ ಬಾಯಿಗೆ ಬರಲಿಲ್ಲ. ಹೊಲಿಗೆ ಟೀಚರೂ ಅದನ್ನು ಹೇಳಿಕೊಡಲಿಲ್ಲ.