ಮರ ಕಡಿಯಲು ಗ್ರಾಹಕರು ಒಪ್ಪಿದ್ದಾರೆ

ಸೋಂಪುರದ ಕಾರ್ಖಾನೆಯೊಂದರಲ್ಲಿ ನಾನು ಹನ್ನೊಂದು ವರ್ಷದಿಂದ ಎಲೆಕ್ಟ್ರಿಕ್ ಬೋರ್ಡ್‌ಗಳಿಗೆ ವೈರಿಂಗ್ ಮಾಡುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆ ದಿನ ನಮ್ಮ ಮನೆಗೆ ಸರ್ವೆಗೆ ಬಂದವನು ಇದನ್ನು ಹೇಳಲು ನನಗೆ ಬಿಡಲೇ ಇಲ್ಲ.

ತಾರಸಿಗೆ ಸೋಲಾರ್ ಹಾಕಿಸೋಣ ಎಂದವಳೇ ನಾನು. ಮನೆ, ಮೀಟರು ಎರಡೂ ಅತ್ತೆಯ ಹೆಸರಿನಲ್ಲಿದ್ದುದರಿಂದ ಅರ್ಜಿಯೂ ಅವರ ಹೆಸರಿನಲ್ಲೇ ಹೋಯಿತು. ಜಾಗ ನೋಡಲು ಬರುತ್ತೇವೆಂದು ಸೋಲಾರ್ ಕಂಪನಿಯವರು ತಿಳಿಸಿದ ಮೇಲೆ ತಯಾರಿಗೆ ನಿಂತೆ. ತಾರಸಿಯಲ್ಲಿ ಬಿದ್ದಿದ್ದ ಹಳೇ ಡ್ರಮ್ಮು, ಮುರಿದ ಕುರ್ಚಿ ಎಲ್ಲ ಕೆಳಗಿಳಿಸಿದೆ. ಮೂಲೆಯಲ್ಲಿ ಮಳೆ ನೀರು ಜಿನುಗುತ್ತಿದ್ದ ಬಿರುಕಿಗೆ ಗಾರೆಯವರನ್ನು ಕರೆಸಿ ಸಿಮೆಂಟು ಮೆತ್ತಿಸಿದೆ. ಪ್ಯಾನೆಲ್ ಕೂತ ಮೇಲೆ ಅದರಡಿ ಕೈ ಆಡಿಸುವುದು ಕಷ್ಟ.

ಯುಗಾದಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಮೇಲೆ ಹತ್ತಿದೆ. ನೆರಳು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಹೊತ್ತು ಬರೆದು, ಫೋನಿನಲ್ಲಿ ಫೋಟೋ ತೆಗೆದೆ. ಮನೆಯ ಪಶ್ಚಿಮಕ್ಕೆ ಹಲಸಿನ ಮರವಿದೆ. ಅತ್ತೆ ಅದರ ಬುಡದಲ್ಲಿ ಹಸು ಕಟ್ಟುತ್ತಾರೆ. ಮಧ್ಯಾಹ್ನದ ಮೇಲೆ ಅದರ ನೆರಳು ತಾರಸಿಯ ಪಶ್ಚಿಮದ ಅರ್ಧಕ್ಕೆ ಬೀಳುತ್ತದೆ. ಪೂರ್ವದ ಅರ್ಧಕ್ಕೆ ನಾಲ್ಕು ಗಂಟೆಯವರೆಗೂ ಬಿಸಿಲು. ಆರು ಪ್ಯಾನೆಲ್‌ಗೆ ಅಷ್ಟು ಜಾಗ ಧಾರಾಳ.

ಎರಡು ದಿನ ಬಿಟ್ಟು ಸರ್ವೆಯವನು ಬಂದ. ಮೂವತ್ತರ ಆಸುಪಾಸಿನವನು, ಕೈಯಲ್ಲಿ ಟ್ಯಾಬ್. ನಾನು ಅರ್ಧ ದಿನ ರಜೆ ಹಾಕಿ ಕಾದಿದ್ದೆ. ಅವನು ನಮ್ಮ ಮನೆಯವರನ್ನು ಕೇಳಿದ, "ಸಾರ್, ನಿಮ್ಮ ಸ್ಯಾಂಕ್ಷನ್ ಲೋಡ್, ಅಂದ್ರೆ ಮನೆಗೆ ಮಂಜೂರಾಗಿರೋ ಕರೆಂಟು, ಎಷ್ಟಿದೆ?"

ನಮ್ಮ ಮನೆಯವರು ಹಾಲಿನ ಡೇರಿಯಲ್ಲಿ ಕೆಲಸ ಮಾಡುವವರು. "ಅವಳ್ನ ಕೇಳಿ, ಅವಳಿಗೆ ಗೊತ್ತು" ಎಂದರು.

"ಎರಡು ಕಿಲೋವ್ಯಾಟ್. ಮೂರಕ್ಕೆ ಏರಿಸ್ಬೇಕು" ಎಂದೆ.

ಅವನು ನನ್ನ ಕಡೆ ತಿರುಗಿಯೂ ನೋಡದೆ, "ಸಾರ್, ಕರೆಂಟ್ ಬಿಲ್ ಇದ್ರೆ ಕೊಡಿ, ಚೆಕ್ ಮಾಡ್ಬಿಡ್ತೀನಿ" ಎಂದ. ಆಮೇಲೆ ನಗುತ್ತಾ, "ಮೇಡಂ, ಇದೆಲ್ಲ ಟೆಕ್ನಿಕಲ್. ನೀವೊಂದ್ ಲೋಟ ಕಾಫಿ ಕೊಟ್ಬಿಡಿ, ಸಾಕು" ಎಂದ.

ನಾನು ಹೋಗಿ ಕಾಫಿ ಮಾಡಿದೆ. ಅವನ ಮೇಲೆ ಎಷ್ಟು ಸಿಟ್ಟಿದೆಯೋ, ಎದ್ದು ಹೋಗಿ ಒಲೆ ಹಚ್ಚಿದ ನನ್ನ ಮೇಲೂ ಅಷ್ಟೇ ಸಿಟ್ಟಿದೆ.

ಲೋಟ ಹಿಡಿದು ತಾರಸಿಗೆ ಬರುವಷ್ಟರಲ್ಲಿ ಮರದ ಕಥೆ ಮುಗಿದುಹೋಗಿತ್ತು. ಅವನು ನನ್ನ ಗೆರೆಗಳ ಮೇಲೆ ಬೂಟುಗಾಲಲ್ಲಿ ನಿಂತು, "ಆ ಮರ ತೆಗೆಸ್ಬಿಡಿ ಸಾರ್, ಇಲ್ಲಾಂದ್ರೆ ವೇಸ್ಟು" ಎನ್ನುತ್ತಿದ್ದ. ನಮ್ಮ ಮನೆಯವರು ತಲೆ ಆಡಿಸುತ್ತಿದ್ದರು.

"ಈ ಗೆರೆ ನೋಡಿದ್ರಾ? ಈ ಕಡೆ ಅರ್ಧಕ್ಕೆ ನಾಲ್ಕು ಗಂಟೆವರೆಗೂ ನೆರಳೇ ಬರಲ್ಲ. ಇಲ್ಲೇ ಕೂರ್ಸಿ" ಎಂದೆ.

ಅವನು ಕಾಲಡಿ ನೋಡಿದ. "ಓ, ಇದಾ? ಮಕ್ಳು ಗೀಚವ್ರೆ ಅನ್ಕೊಂಡೆ. ಇಲ್ಲ ಮೇಡಂ, ಆ ಕಡೆ ಆಗಲ್ಲ."

ಯಾಕೆ ಆಗಲ್ಲ ಎಂದು ಮೂರು ಸಲ ಕೇಳಿದ ಮೇಲೆ ನಿಜ ಹೊರಗೆ ಬಂತು. ಮೀಟರ್ ಇರುವುದು ಪಶ್ಚಿಮದ ಗೋಡೆಗೆ. ಪೂರ್ವಕ್ಕೆ ಕೂರಿಸಿದರೆ ಅವರ ಲೆಕ್ಕಕ್ಕಿಂತ ಹೆಚ್ಚು ವೈರ್ ಬೇಕು. ನಾಲ್ಕು ಮಾರು ವೈರ್ ಉಳಿಸಲು ಇಷ್ಟು ದೊಡ್ಡ ಮರ ಬೀಳಬೇಕಿತ್ತು!

ಕೆಳಗಿಳಿದು ಬಂದು ಟ್ಯಾಬನ್ನು ಅತ್ತೆಯ ಮುಂದೆ ಹಿಡಿದ. "ಅಜ್ಜಿ, ಬೆರಳಲ್ಲಿ ಇಲ್ಲೊಂದು ಸೈನ್ ಹಾಕಿ."

ಅತ್ತೆ ಕೈ ಮುಂದೆ ಮಾಡಲಿಲ್ಲ. ನನ್ನನ್ನು ಕರೆದು, "ಏನ್ ಬರ್ದವ್ನೆ, ಓದವ್ವ" ಎಂದರು.

ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಓದಿ ಹೇಳಿದೆ. "ಪಶ್ಚಿಮದ ಮರ ಕಡಿಯಲು ಗ್ರಾಹಕರು ಒಪ್ಪಿದ್ದಾರೆ."

"ಗ್ರಾಹಕರು ಅಂದ್ರೆ ಯಾರು?"

"ನೀವೇ ಅತ್ತೆ."

"ನಾನ್ಯಾವಾಗಪ್ಪಾ ಒಪ್ಪಿದ್ದೆ?" ಎಂದು ಅವನನ್ನೇ ಕೇಳಿದರು. ಅವನು ಮಗನ ಮುಖ ನೋಡಿದ. ಮಗ ನೆಲ ನೋಡಿದರು. ಅತ್ತೆ ಸೈನ್ ಹಾಕಲಿಲ್ಲ. ಅವನು ಟ್ಯಾಬ್ ಮಡಚಿಕೊಂಡು ಬೈಕ್ ಹತ್ತಿದ.

ಬೈಕ್ ಮರೆಯಾದ ಮೇಲೆ ನಮ್ಮ ಮನೆಯವರನ್ನು ಕೇಳಿದೆ, "ನೀವ್ಯಾಕೆ ತಲೆ ಆಡ್ಸಿದ್ರಿ?"

"ಅವ್ನು ತಿಳ್ದೋನು ಅಂತ..."

"ಮತ್ತೆ ನಾನು?"

ಅವರು ಹಸುವಿಗೆ ನೀರಿಡುವ ನೆಪದಲ್ಲಿ ಎದ್ದು ಹೋದರು.

ಮುಂದಿನ ವಾರ ಒಂದು ದಿನ ರಜೆ ಹಾಕಿ ನೆಲಮಂಗಲದಲ್ಲಿದ್ದ ಸೋಲಾರ್ ಕಂಪನಿಯ ಆಫೀಸಿಗೆ ಹೋದೆ. ಅಲ್ಲಿ ವಯಸ್ಸಾದ ಎಂಜಿನಿಯರ್ ಒಬ್ಬರು ನನ್ನ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. "ಚೆನ್ನಾಗಿ ಮಾಡವ್ರೆ. ನಿಮ್ಮ ಯಜಮಾನ್ರಾ?"

"ನಾನೇ ಸಾರ್" ಎಂದೆ. ನನ್ನ ದನಿ ಏರಿತ್ತು. ಪಕ್ಕದ ಮೇಜಿನವರೂ ತಿರುಗಿ ನೋಡಿದರು.

ಅವರು ತಪ್ಪಾಯಿತು ಎಂದರು. ಆಮೇಲೆ ನನ್ನದೂ ಒಂದು ತಪ್ಪು ತೋರಿಸಿದರು. ನಾನು ಬೇಸಿಗೆಯ ನೆರಳನ್ನಷ್ಟೇ ಗುರುತು ಹಾಕಿದ್ದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ಫೋಟೋದಲ್ಲಿ ಕಾಣುತ್ತಿದ್ದ ದಕ್ಷಿಣದ ಪಕ್ಕದ ಮನೆಯ ನೀರಿನ ಟ್ಯಾಂಕಿನ ನೆರಳೂ ಒಂದು ಮೂಲೆಗೆ ಬರುತ್ತದೆ. ಅದು ನನಗೆ ಹೊಳೆದೇ ಇರಲಿಲ್ಲ, ಒಪ್ಪಿಕೊಂಡೆ. ಆರೂ ಪ್ಯಾನೆಲ್‌ಗಳನ್ನು ಪೂರ್ವದ ಅರ್ಧದಲ್ಲೇ ಇಟ್ಟು, ಆ ಮೂಲೆ ಬಿಟ್ಟು ಸ್ವಲ್ಪ ಉತ್ತರಕ್ಕೆ ಸರಿಸಿ ಅವರು ಹೊಸ ನಕ್ಷೆ ಬರೆದರು. ಹೆಚ್ಚಿನ ವೈರ್ ತಾವೇ ಹಾಕುತ್ತೇವೆ ಎಂದರು. ತಿಳಿದವರು ಹೀಗೆ ಎದುರು ಕೂರಿಸಿಕೊಂಡು ಮಾತಾಡಿದರೆ ತಪ್ಪು ಒಪ್ಪಿಕೊಳ್ಳಲು ಯಾರಿಗೆ ಕಷ್ಟ?

ಹೊಸ ಕಾಗದಕ್ಕೆ ಅತ್ತೆ ಪೂರ್ತಿ ಓದಿಸಿಕೊಂಡೇ ಸೈನ್ ಹಾಕಿದರು. ಅರ್ತಿಂಗ್ ಕಡ್ಡಿ ಹೂಳಲು ಗುಂಡಿ ಬೇಕೆಂದಾಗ ನಾನು ತೋರಿಸಿದ ಜಾಗದಲ್ಲಿ ನಮ್ಮ ಮನೆಯವರೇ ಹಾರೆ ಹಿಡಿದು ತೋಡಿದರು. ಅರ್ಧ ತೋಡಿ, ಬೆವರು ಒರೆಸಿಕೊಳ್ಳುತ್ತಾ, "ತಪ್ಪಾಯ್ತು ಕಣೆ" ಎಂದರು. "ಆಯ್ತು, ಇನ್ನೂ ಆಳ ಬೇಕು" ಎಂದೆ.

ಈ ಶುಕ್ರವಾರ ಫಿಟ್ಟಿಂಗ್‌ನವರು ಬರುತ್ತಾರೆ. ನಾವು ಒಪ್ಪದಿದ್ದುದನ್ನು ಒಪ್ಪಿದ್ದೇವೆಂದು ಬರೆದದ್ದು ಯಾಕೆ ಎಂದು ಕಂಪನಿಗೆ ಪತ್ರ ಬರೆದು ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ಬರದಿದ್ದರೆ ಮತ್ತೊಂದು ಬರೆಯುತ್ತೇನೆ.