‘ಊಟಾ ಆತೇನ್ರಿ’ ಎಂದವನ ಕೈಗೆ ಆರು ಅಂಕಪಟ್ಟಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಂಗಳೂರಿಗೆ ಬಂದ ಮೂರನೆಯ ತಿಂಗಳಲ್ಲಿ, ನನ್ನ ಡಿಪ್ಲೊಮಾದ ಆರು ಅಸಲು ಅಂಕಪಟ್ಟಿಗಳನ್ನು ಗುರುತು ಪರಿಚಯವಿಲ್ಲದ ಒಬ್ಬನ ಕೈಗೆ ಕೊಟ್ಟು, ಮೇಲೆ ಕೈಮುಗಿದೂ ಬಂದ ಮಹಾನುಭಾವ ನಾನೇ. ಅವನು ಚಾಕು ತೋರಿಸಲಿಲ್ಲ. ‘ಊಟಾ ಆತೇನ್ರಿ?’ ಎಂದು ಕೇಳಿದ. ಅಷ್ಟೇ.

ಗದಗಿನ ಕಡೆಯ ನೀವು ಇದನ್ನು ಓದಿ ‘ಅದರಾಗೇನೈತಿ?’ ಅನ್ನುತ್ತೀರಿ. ನಮ್ಮೂರಲ್ಲಿ ಆ ಮಾತು ದಿನಕ್ಕೆ ಇಪ್ಪತ್ತು ಸಲ ಕಿವಿಗೆ ಬೀಳುತ್ತದೆ, ಅರ್ಧಕ್ಕೆ ನಾವು ಉತ್ತರವನ್ನೂ ಕೊಡುವುದಿಲ್ಲ. ಇಲ್ಲಿ ಮೂರು ತಿಂಗಳಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕಂಡಕ್ಟರ್ ಕೇಳಿದ್ದು ‘ಚಿಲ್ಲರೆ ಇದೆಯಾ?’, ಬಾಡಿಗೆ ಮನೆಯವರು ಕೇಳಿದ್ದು ‘ಬ್ಯಾಚುಲರ್ರಾ?’. ಚಹದಂಗಡಿಯಲ್ಲಿ ಒಬ್ಬ ‘ಸ್ವಲ್ಪ ಜರುಗು ಗುರು’ ಅಂದಾಗ, ಇವನಿಗೆ ನಾನು ಯಾವಾಗ ಪಾಠ ಹೇಳಿದೆ ಎಂದು ಗಾಬರಿಯಾಗಿದ್ದೆ. ಇಲ್ಲಿನ ಹುಡುಗರಿಗೆ ಎದುರಿಗಿರುವವನೆಲ್ಲ ಗುರು. ಸಲಿಗೆ ಬೆಳೆದರೆ ‘ಮಚ್ಚಾ’, ಅಂದರೆ ಗೆಳೆಯ. ತಮಿಳಿನಿಂದ ಬಂದ ಮಾತಂತೆ. ನನಗೆ ಆ ಬಡ್ತಿ ಇನ್ನೂ ಸಿಕ್ಕಿರಲಿಲ್ಲ.

ನಾಗರಬಾವಿಯಲ್ಲಿ ಜಯಮ್ಮನವರ ಮನೆಯ ಮಾಳಿಗೆ ಮೇಲಿನ ಶೀಟಿನ ಕೋಣೆ ನನ್ನದು. ಅವರದು ಅಲ್ಲಿನ ಹಳೇ ಹಳ್ಳಿಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಈಗ ಮೂರು ಅಡ್ಡರಸ್ತೆಯಾಗಿದೆ. ಎರಡು ಹಸುಗಳನ್ನು ಮಾತ್ರ ಬಿಟ್ಟಿಲ್ಲ. ನಮ್ಮಲ್ಲಿ ಹಗಲೆಲ್ಲ ಬಾಗಿಲು ತೆರೆದಿರುತ್ತದೆ, ಬಂದವರು ಒಳಗೆ ಬಂದಮೇಲೆ ಯಾರೆಂದು ನೋಡುತ್ತೇವೆ. ಜಯಮ್ಮ ಕಿಟಕಿಯಿಂದ ನೋಡಿ, ಇನ್ನೊಂದು ಕಿಟಕಿಯಿಂದ ಮತ್ತೊಮ್ಮೆ ನೋಡಿ, ಆಮೇಲೆ ‘ಯಾರು?’ ಅನ್ನುತ್ತಾರೆ. ಕೋಣೆ ಕೇಳಲು ಹೋದ ದಿನ ನಾನು ಭಾರಿ ಜಂಬದಿಂದ ಅಂಕಪಟ್ಟಿ ಚಾಚಿದ್ದೆ. ಮುಟ್ಟಲಿಲ್ಲ.

“ಅಸಲು ನಿನ್ ತಾವೇ ಇರ್ಲಿ. ಜೆರಾಕ್ಸ್ ಕೊಡು,” ಅಂದರು. “ನಮ್ಮತ್ತೆ ಹೊಲದ ಪತ್ರ ನೋಡಿ ಕೊಡ್ತೀನಿ ಅಂದೋನ ಕೈಗೆ ಕೊಟ್ಟಿದ್ಲು. ಇವತ್ಗೂ ನೋಡ್ತಾನೇ ಅವ್ನೆ.”

ಈ ಮಾತನ್ನು ಅವರ ದನಿಯಲ್ಲೇ ಅನುಕರಿಸಿ ಪಕ್ಕದ ಕೋಣೆಯ ಹುಡುಗರನ್ನು ನಗಿಸಿದೆ. ನಿಮಗೆ ಗೊತ್ತಲ್ಲ, ಊರಲ್ಲಿ ಹೆಡ್‌ಮಾಸ್ತರರ ದನಿ ತೆಗೆದು ಇಡೀ ತರಗತಿಯನ್ನು ಮನೆಗೆ ಕಳಿಸಿದವನು ನಾನು. ಹುಡುಗರ ನಗು ಇದ್ದಕ್ಕಿದ್ದಂತೆ ನಿಂತಿತು. ತಿರುಗಿದರೆ ಜಯಮ್ಮ, ಕೈಯಲ್ಲಿ ಒಣಗಿದ ಬಟ್ಟೆ. “ಚೆನ್ನಾಗಿ ಮಾಡ್ತೀಯ. ನನ್ ಗಂಟ್ಲು ಇನ್ನೂ ವಸಿ ದಪ್ಪ,” ಎಂದು ಇಳಿದು ಹೋದರು.

ಕೆಲಸ ಸಿಗಲಿಲ್ಲ. ವಿಜಯನಗರದ ಸೈಬರ್ ಕೆಫೆಯೊಂದರಲ್ಲಿ ಗಂಟೆ ಲೆಕ್ಕದಲ್ಲಿ ಕೂತು ಅರ್ಜಿ ಕಳಿಸುತ್ತಿದ್ದಾಗ ಪರದೆಯ ಮೇಲೆ ಜಾಹೀರಾತೊಂದು ಮಿಣುಕಿತು: ಮನೆಯಲ್ಲೇ ಕೂತು ಟೈಪ್ ಮಾಡಿ, ಅನುಭವ ಬೇಡ. ನನಗೆ ಈ ಊರಲ್ಲಿ ಮನೆಯೂ ಇಲ್ಲ, ಕಂಪ್ಯೂಟರೂ ಇಲ್ಲ. ಆದರೂ ಫೋನ್ ಮಾಡಿದೆ. “ಹಲೋ, ನಾನ್ರೀ...” ಎಂದು ಶುರುಮಾಡಿದ್ದು ನಾನೇ. ಆ ಕಡೆಯವನು ಮೊದಲು ‘ಹೇಳಿ ಸರ್’ ಅಂದ. ಆಮೇಲೆ ನಮ್ಮ ಮಾತು, ನಮ್ಮದೇ ಎಳೆತ.

“ಯಾವೂರ್ರೀ ನಿಮ್ದು? ಗದಗೇನ್ರಿ? ಅಯ್ಯ, ನಾವೂ ಆ ಕಡೆಯವ್ರ ರೀ! ಊಟಾ ಆತೇನ್ರಿ?”

ಕಣ್ಣು ಒದ್ದೆಯಾಯಿತು. ಮರುದಿನವೇ ರಾಜಾಜಿನಗರದಲ್ಲಿ ಎರಡನೇ ಮಹಡಿಯ ಅವನ ಆಫೀಸು. ಹೆಸರು ಪಾಟೀಲ ಅಂದ. ನೋಂದಣಿ ಶುಲ್ಕ ಕಟ್ಟಿಸಿಕೊಂಡ, ಪುಟಗಳ ಚಿತ್ರ ತುಂಬಿದ ಒಂದು ಸಿ.ಡಿ. ಕೊಟ್ಟ. “ಅಸಲು ಮಾರ್ಕ್ಸ್ ಕಾರ್ಡ್ ಇಟ್ಟ ಹೋಗ್ರಿ, ಕೆಲಸ ಮುಗಿದ ಕೂಡ್ಲೆ ಒಯ್ಯೂವಂತ್ರಿ. ನಮ್ಮವ್ರ ಮ್ಯಾಲೆ ನಮಗ ನಂಬಿಕಿ ಇಲ್ಲೇನ್ರಿ?” ಅಂದ. ಅವನಿಗೆ ನನ್ನ ಮೇಲೆ ನಂಬಿಕೆಯಿದ್ದರೆ ಕಾರ್ಡು ಯಾಕೆ ಬೇಕು? ಈ ಪ್ರಶ್ನೆ ನನಗೆ ಹೊಳೆದದ್ದು ಒಂದು ತಿಂಗಳಾದ ಮೇಲೆ.

ಜಯಮ್ಮನವರ ಮಗಳ ಓದಿಗೆಂದು ತಂದ ಕಂಪ್ಯೂಟರು ಅವರ ನಡುಮನೆಯಲ್ಲಿತ್ತು, ಬೂಸಾ ಮೂಟೆಯ ಪಕ್ಕ. ಮಗಳು ಕಾಲೇಜಿಗೆ ಹೋದ ಹೊತ್ತಿನಲ್ಲಿ ಅಲ್ಲಿ ಕೂತು ಟೈಪ್ ಮಾಡಲು ಬಿಟ್ಟರು. ಬಿಟ್ಟರೇ ಹೊರತು ನಂಬಲಿಲ್ಲ.

“ಕೆಲ್ಸ ಕೊಡೋನು ಕಾಸು ಕೊಡ್ಬೇಕೋ, ಮಾಡೋನು ಕೊಡ್ಬೇಕೋ?”

“ಅದು ರಿಜಿಸ್ಟ್ರೇಷನ್ ಆಂಟಿ.”

“ನನ್ ಹಸು ಕರೆಯಾಕೆ ಬರೋನು ನನಗೇ ದುಡ್ಡು ಕೊಟ್ರೆ, ಅವನ್ಗೆ ಜ್ವರ ಬಂದೈತೆ ಅಂತ ಡಾಕ್ಟ್ರ ತಾವ ಕಳಿಸ್ತೀನಿ.”

ನಾನು ನಕ್ಕೆ. ಹಳ್ಳಿ ಹೆಂಗಸಿಗೆ ಆನ್‌ಲೈನ್ ಏನು ಗೊತ್ತು ಎಂದುಕೊಂಡೆ, ಹಳ್ಳಿಯಿಂದ ಬಂದು ತೊಂಬತ್ತು ದಿನವಾದ ನಾನು! ಮಧ್ಯಾಹ್ನ ಅವರು ಮುದ್ದೆ ಹಾಕುತ್ತಿದ್ದರು. ರೊಟ್ಟಿಯಂತೆ ಅಗಿಯಲು ಹೋದರೆ “ನುಂಗ್ಲಾ!” ಅನ್ನುತ್ತಿದ್ದರು. ರೊಟ್ಟಿ ತಿಂದು ಬೆಳೆದವನಿಗೆ ಅಗಿಯದೆ ನುಂಗುವುದು ಅಪರಾಧದಂತೆ. ಆದರೆ ಪಾಟೀಲ ಹೇಳಿದ್ದನ್ನೆಲ್ಲ ಅಗಿಯದೇ ನುಂಗಿದ್ದೆ.

ಪುಟಗಳನ್ನೆಲ್ಲ ಮುಗಿಸಿ ಕೆಫೆಯಿಂದ ಕಳಿಸಿದೆ. ಉತ್ತರ ಬಂತು: ತಪ್ಪುಗಳು ಮಿತಿ ಮೀರಿವೆ, ದಂಡ ಕಟ್ಟಿ ಕಾರ್ಡು ಬಿಡಿಸಿಕೊಳ್ಳಿ. ಅದೇ ವಾರ ಪೀಣ್ಯದ ಕಾರ್ಖಾನೆಯೊಂದರಿಂದ ಕರೆ ಬಂತು. ನಿಜವಾದ ಕೆಲಸ. ಅವರು ನನ್ನಿಂದ ಏನನ್ನೂ ಕಟ್ಟಿಸಿಕೊಳ್ಳಲಿಲ್ಲ. ಸೋಮವಾರ ಅಸಲು ಅಂಕಪಟ್ಟಿ ತಂದು ತೋರಿಸಿ, ನೋಡಿ ಅಲ್ಲೇ ಕೊಡುತ್ತೇವೆ ಅಂದರು. ಆ ಹೊತ್ತಿಗೆ ನನಗೆ ಅವರ ಮೇಲೂ ಅನುಮಾನ.

ಶುಕ್ರವಾರ ರಾಜಾಜಿನಗರಕ್ಕೆ ಓಡಿದೆ. ಆಫೀಸಿನ ಹೊರಗೆ ಕುರ್ಚಿಗಳಲ್ಲಿ ನನ್ನಂಥವರೇ ಏಳೆಂಟು ಮಂದಿ. ಒಳಗೆ ಮಂಗಳೂರಿನ ಕಡೆಯ ಹುಡುಗಿಯೊಬ್ಬಳು ಅಳುತ್ತಿದ್ದಳು. ಪ್ಲೈವುಡ್ ಗೋಡೆಯಾಚೆಯಿಂದ ಒಂದು ದನಿ ಸಮಾಧಾನ ಮಾಡುತ್ತಿತ್ತು:

“ಎಂತ ಮಾರಾಯ್ರೆ, ಹೆದರುದು ಎಂತಕ್ಕೆ? ನಾನು ಸಹ ನಿಮ್ಮ ಕಡೆಯವನೇ ಅಲ್ವಾ? ತಪ್ಪು ತುಂಬಾ ಉಂಟು, ಅಷ್ಟೇ.”

ಬೇರೆ ಯಾರೋ ಇರಬೇಕು ಎಂದುಕೊಂಡೆ. ಅವಳು ಹೊರಬಂದಳು, ಕೋಲಾರದವರೊಬ್ಬರು ಒಳಗೆ ಹೋದರು. ಅದೇ ಗಂಟಲು ಈಗ ಸಲೀಸಾಗಿ ತೆಲುಗು ಬೆರೆಸಿ ಮಾತಾಡಿತು. ಬಾಗಿಲ ಸಂದಿಯಲ್ಲಿ ಇಣುಕಿದೆ. ಒಳಗಿದ್ದವನು ಪಾಟೀಲನೊಬ್ಬನೇ. ನನ್ನ ಮೈ ಉರಿಯಿತು, ಜೊತೆಗೆ ಹಾಳಾದ್ದು ಮೆಚ್ಚುಗೆಯೂ ಆಯಿತು. ನಾನು ನಗಿಸಲು ಮಾಡುವುದನ್ನು ಇವನು ಹೊಟ್ಟೆಪಾಡಿಗೆ ಮಾಡುತ್ತಿದ್ದ, ನನಗಿಂತ ಚೆನ್ನಾಗಿ. ಒಬ್ಬ ಮಿಮಿಕ್ರಿಯವನನ್ನು ಇನ್ನೊಬ್ಬ ಮಿಮಿಕ್ರಿಯವನು ಬೀಳಿಸಿದ್ದ.

ಒಳಗೆ ಹೋಗಲು ಧೈರ್ಯ ಬರಲಿಲ್ಲ. ವಾಪಸು ಬಂದು, ಹಾಲು ಕರೆಯುತ್ತಿದ್ದ ಜಯಮ್ಮನವರ ಮುಂದೆ ಎಲ್ಲ ಒದರಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಕೆಚ್ಚಲಿನಿಂದ ಕಣ್ಣೆತ್ತದೆ, “ಅಸಲಾ?” ಅಂದರು. ಹೌದು ಅಂದೆ. “ನಾಳೆ ಹತ್ಗಂಟೆಗೆ ಹೊಂಟಿರು” ಅಂದರು.

ಅಂದು ಸಂಜೆ ಊರಿಗೆ ಫೋನ್ ಮಾಡಿದೆ. ವಿಷಯ ಹೇಳಲಿಲ್ಲ. ಅವ್ವ “ಊಟಾ ಆತೇನೋ?” ಅಂದಳು. ಒಂದು ಗಳಿಗೆ, ಸ್ವಂತ ಅವ್ವನಿಗೆ, ‘ಯಾಕೆ ಕೇಳ್ತಿದೀಯ?’ ಎನ್ನಬೇಕೆನಿಸಿತು. “ಆಯ್ತು ಕಣವ್ವ” ಅಂದೆ. “ಕಣವ್ವ ಅಂದ್ರೇನೋ? ಯಾರ್ ಗತೆ ಮಾತಾಡಾಕ್ಹತ್ತೀಯೋ?” ಎಂದು ಕೇಳಿದಳು. ಇಲ್ಲಿ ಬಾಯಿ ತೆರೆದರೆ ‘ನಾರ್ತ್ ಕರ್ನಾಟಕನಾ?’ ಅನ್ನುತ್ತಾರೆ, ಅಲ್ಲಿ ತೆರೆದರೆ ‘ಬೆಂಗಳೂರಾಂವ ಆದ್ಯಲ್ಲ’ ಅನ್ನುತ್ತಾರೆ. ಎಲ್ಲರ ದನಿ ತೆಗೆಯುವವನಿಗೆ ತನ್ನ ದನಿ ಯಾವುದೆಂದೇ ಅನುಮಾನ ಬಂದಿತ್ತು.

ಶನಿವಾರವೂ ಹೊರಗಿನ ಕುರ್ಚಿಗಳಲ್ಲಿ ಹಿಂದಿನ ದಿನದವರೇ, ಮಂಗಳೂರಿನ ಹುಡುಗಿಯೂ ಇದ್ದಳು. ಒಳಗೆ ಪಾಟೀಲನ ಮುಂದೆ ಜಯಮ್ಮ ಕುರ್ಚಿ ಎಳೆದು ಕೂತರು. ಅವರು ಬಾಯಿ ತೆರೆದದ್ದೇ ತಡ, ಅವನ ನಾಲಗೆ ಮಾಗಡಿ ರಸ್ತೆಗೆ ತಿರುಗಿತು. “ಬನ್ನಿ ಅವ್ವಾ, ನಾನೂ ಈ ಕಡೆಯೋನೆಯಾ!”

ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. ಹೊರಗೆ ಕೂತವರಿಗೆ ಕೇಳುವಂತೆ ಅವನ ದನಿಯನ್ನೇ ತೆಗೆದೆ: “ನಾವೂ ಆ ಕಡೆಯವ್ರ ರೀ! ನಾನು ಸಹ ನಿಮ್ಮ ಕಡೆಯವನೇ ಅಲ್ವಾ? ನಾನೂ ಈ ಕಡೆಯೋನೆಯಾ!” ಹೊರಗಿನ ಕುರ್ಚಿಗಳು ಕಿರುಗುಟ್ಟಿದವು. ಮಂಗಳೂರಿನ ಹುಡುಗಿ ಬಾಗಿಲಿಗೇ ಬಂದು ನಿಂತಳು.

ಪಾಟೀಲನ ಮುಖ ಬಿಳುಚಿತು. ಎದ್ದು ನಿಂತು, ನನ್ನ ಹೆಗಲಿನ ಮೇಲೆ ಕೈಯಿಟ್ಟು, ಜಯಮ್ಮನವರಿಗೆ ಹೇಳಿದ: “ನೋಡಿ, ಇವರು ನಮ್ಮೂರ ಕಡೆ ಹುಡುಗ. ನಮ್ ನಮ್ಮಲ್ಲಿ ಬಗೆಹರಿಸ್ಕೋತೀವಿ. ಮಧ್ಯೆ ನೀವ್ಯಾರು?”

ನನ್ನ ಆರೂ ಅಂಕಪಟ್ಟಿಗಳು ಮೇಜಿನ ಮೇಲೆ ಬಂದವು. ಹೊರಗೆ ಕೂತವರದೂ ಒಂದೊಂದಾಗಿ ಬಂದವು. ಅವನ್ನು ಬರಿಸಿದ ಜಯಮ್ಮನವರ ಮಾತು ಇದು, ಒಂದಕ್ಷರ ನಾನು ಸೇರಿಸಿಲ್ಲ:

“ಊರು ನಿಂದೇ ಇರ್ಲಿ ಕಣಪ್ಪ. ಮನೇಲಿ ಕೂತು ಮಾಡೋ ಕೆಲ್ಸ ಅಂದ್ಯಲ್ಲ, ಅವ್ನು ಕೂತಿದ್ದು ನನ್ ಮನೇಲಿ. ನಾನು ಆ ಮನೆಯೋಳು. ತೆಗಿ ಕಾರ್ಡು.”