ಬಾವಿ ಮಾವಿನ ಜೇಡದ ಹೂ

ಮಾವಿನ ಫಸಲನ್ನು ಗಿಡದ ಮೇಲಿರುವಾಗಲೇ ಗುತ್ತಿಗೆ ಹಿಡಿಯುವವರು ಮೊದಲು ಹೊಗಳಬಾರದು, ಕುಂದು ಹುಡುಕಬೇಕು. ಸವಣೂರಿನಲ್ಲಿ ಬರಿಗೈಯಿಂದ ದಂಧೆ ಶುರು ಮಾಡಿದ ನಾನು ಕಲಿತದ್ದು ಹಾಗೆ.

ಈ ವರ್ಷ ಹಾನಗಲ್ ಕಡೆಯ ತೋಟವೊಂದಕ್ಕೆ ಹೋದಾಗ, ಬಾವಿ ಪಕ್ಕದ ಹಳೇ ಮಾವಿನ ಕವಲಿಗೆ ದಪ್ಪ ಎಲೆಯ ಸಸಿಯೊಂದು ಅಂಟಿಕೊಂಡಿತ್ತು. "ಗೌಡ್ರ, ಬದನಿಕಿ ಬಿದ್ದೈತಲ್ರಿ. ಗಿಡದ ರಸಾ ಹೀರತೈತಿ, ಉಳಿದವಕ್ಕೂ ಹಬ್ಬತೈತಿ" ಅಂದೆ. ದರ ಇಳಿಯಿತು.

ಕೊನೆಯ ಕಾಯಿ ಇಳಿಸುವ ದಿನ ಹೋದರೆ, ಮರ ಕೊಯ್ಯುವವನು ಮಷಿನ್ ಗರಗಸಕ್ಕೆ ಎಣ್ಣೆ ಬಿಡುತ್ತಿದ್ದ. ಬದನಿಕೆ ಹಬ್ಬುವ ಮೊದಲು ಆ ಮರ ಕಡಿಸುವುದೆಂದು ಗೌಡರ ತೀರ್ಮಾನ. ಅವರ ಮನೆಯಾಕೆ, ನಾನು ಅಕ್ಕ ಅನ್ನುವವರು, ಬಾವಿಕಟ್ಟೆ ಬಿಟ್ಟು ಏಳಲೊಲ್ಲರು.

"ನಾ ಲಗ್ನಾಗಿ ಬಂದಾಗಿಂದ ನೋಡಾಕತ್ತೇನ್ರಿ, ಜೇಡ ಕುಂತಂಗ ಹೂ ಬಿಡತಾವ. ಗಿಡಕ್ಕ ಏನಾಗೇತಿ? ಹಬ್ಬತಾವ ಅಂದ್ರಿ, ಹೊಸ ಕಸಿ ಗಿಡದಾಗ ಇವು ಒಂದೂ ಇಲ್ಲ. ಎಲ್ಲಾ ನಿಮ್ಮ ಮಾತಿನ ಪ್ರತಾಪ."

ತಲೆ ಎತ್ತಿದೆ. ಕಂದು ಗೆರೆಯ ಸಪೂರ ಎಸಳುಗಳು ಜೇಡದ ಕಾಲಿನಂತೆ ಚಾಚಿದ್ದವು. ನಿಚ್ಚಣಿಕೆ ಹತ್ತಿದೆ. ಬದನಿಕೆಯಾದರೆ ಬೇರು ಕೊಂಬೆಯೊಳಗೆ ಇಳಿದು ಗಂಟು ಕಟ್ಟುತ್ತದೆ. ಇಲ್ಲಿ ಬಿಳಿ ಹುರಿಯಂಥ ಬೇರು ಒರಟು ತೊಗಟೆಯ ಮೇಲೆ ಹರಿದಿತ್ತು. ಉಗುರಿನಿಂದ ಒಂದನ್ನು ಎಬ್ಬಿಸಿದೆ. ಕೆಳಗಿನ ತೊಗಟೆ ಗಟ್ಟಿಮುಟ್ಟಾಗಿತ್ತು. ನಿಮ್ಮ ತೋಟದಲ್ಲಿ ಇಂಥದ್ದಿದ್ದರೆ ನೀವೂ ಕಿತ್ತು ಹಾಕುವ ಮೊದಲು ಹೀಗೆ ನೋಡಿ. ಅಕ್ಕ ಕೊಟ್ಟ ಚೊಂಬಿನ ನೀರು ಹೊಯ್ದರೆ ಬಿಳಿ ಬೇರು ಕಣ್ಣೆದುರೇ ಹಸಿರಾಯಿತು. ಗಾಳಿ, ಮಳೆ, ಎಲೆಸಂದಿಯ ಬಿಸಿಲು, ಇಷ್ಟೇ ಅದರ ಊಟ.

ಇಳಿದು ಬಂದೆ. "ಗೌಡ್ರ, ಇದು ಬದನಿಕಿ ಅಲ್ರಿ, ಆರ್ಕಿಡ್. ಗಿಡದ ಮ್ಯಾಲ ಕುಂದರತೈತಿ ಅಷ್ಟ, ಗಿಡಾ ತಿನ್ನೂದಿಲ್ಲ."

"ಅವತ್ತ ರಸಾ ಹೀರತೈತಿ ಅಂದಾವ್ರು ಯಾರ್ರಿ?"

"ನಾನ ರೀ."

"ಹಂಗಾರ ಇಳಿಸಿದ ದರಾ?"

"ಅರ್ಧಾ ಏರಸ್ತೇನಿ."

"ಪೂರಾ" ಅಂದರು ಅಕ್ಕ, ಗೌಡರು ಬಾಯಿ ತೆರೆಯುವ ಮೊದಲೇ.

ಗರಗಸದವನು ನಕ್ಕ. "ಲಗೂ ಹೇಳ್ರಿ ಸಾವಕಾರ್ರ, ಚಾಲೂ ಮಾಡ್ಲೋ ಬ್ಯಾಡೋ?"

ಮೊದಲ ಮಾತಿಗೇ ಒಪ್ಪಿದ ವ್ಯಾಪಾರ ನನ್ನ ಜನ್ಮದಲ್ಲಿ ಅದೊಂದೇ. "ಪೂರಾ ಕೊಡ್ತೇನ್ರಿ ಅಕ್ಕಾ. ಬ್ಯಾಡಪಾ, ಗರಗಸಾ ಕಟ್ಟು" ಅಂದೆ. ಗೌಡರೂ ಹೂಂ ಅಂದರು. ಅವನು ಗರಗಸವನ್ನು ಬೈಕಿಗೆ ಬಿಗಿದ. ಅಕ್ಕ ಕಟ್ಟೆಯಿಂದ ಎದ್ದು ಚಹಾ ಇಡಲು ಹೋದರು. ನಾನು ಅದೇ ಮಾವಿನ ನೆರಳಿನಲ್ಲಿ ಕುಂತು, ಎದೆ ತುಂಬ ಉಸಿರೆಳೆದುಕೊಂಡೆ.